ಐದನೆಯ ಕೈ

ಪ್ರಮಿಳಾ ಎಂದೂ ಒಂದೇ ಕಡೆ ಇದ್ದವಳಲ್ಲ. ಬೆಳಿಗ್ಗೆ ಎಂಟಕ್ಕೆ ಮಹಾಂತೇಶ ನಗರದ ಮನೆ ಬಿಟ್ಟು ಖಾನಾಪುರದ ಬಸ್ ಹತ್ತಿದರೆ ಜೀವವೆಲ್ಲ ಮನೆಯ ಒಲೆಯ ಮೇಲೆ. ಸಂಜೆ ಒಲೆಯ ಮುಂದೆ ನಿಂತರೆ ಅದೇ ಜೀವ ಮತ್ತೆ ಖಾನಾಪುರದಲ್ಲಿ.

ಅಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಅರ್ಜಿ ಕೇಂದ್ರ. ಪಿಂಚಣಿ, ವಿದ್ಯಾರ್ಥಿವೇತನ, ಹೊಲದ ಪಹಣಿ-ಉತಾರ, ಯಾವುದೇ ಇರಲಿ, ಕಂಪ್ಯೂಟರಿಗೆ ಏರಿಸುವವಳು ಅವಳು. ಮುಂಜಾನೆ ಅವಳ ಹೆಬ್ಬೆರಳು ಒತ್ತಿದರೇನೇ ಯಂತ್ರ ಬಾಯಿ ಬಿಡುವುದು. ಒಂದೊಂದು ಅರ್ಜಿ ಮುಗಿದಾಗಲೂ ಮತ್ತೆ ಒತ್ತಬೇಕು. ಬೇರೆಯವರ ಬೆರಳು ನಡೆಯದು.

ಮನೆಯಲ್ಲಿಯೂ ಅದೇ ಕೈ ಬೇಕು. ಅವರದು ಕುರಿ ಕಾದ ಮನೆತನ, ಮೈಲಾರಲಿಂಗನ ಒಕ್ಕಲು. ಚಂಪಾ ಷಷ್ಠಿಯ ದಿನ ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ, ಭಂಡಾರದ ಅರಿಶಿನಪುಡಿ ಇಟ್ಟು, ಐದು ಜನ ಸುತ್ತ ಕೂತು ಕೈ ಹಚ್ಚಿ, ‘ಏಳುಕೋಟಿಗೋ’ ಎನ್ನುತ್ತ ಮೂರು ಸಲ ಎತ್ತಬೇಕು. ತಳಿಗೆ ಎತ್ತುವುದು ಎಂದರೆ ಇದೇ. ಎತ್ತುವವರಿಗೆ ಅಲ್ಲಿಯವರೆಗೆ ಉಪವಾಸ. ಅತ್ತೆ ಕಾಡವ್ವ, ಗಂಡ ಶಿವಲಿಂಗ, ಮೈದುನ ಲಕ್ಷ್ಮಣ, ಮಗಳು ಐಶ್ವರ್ಯಾ, ಪ್ರಮಿಳಾ: ಸರಿಯಾಗಿ ಐದು. ಆದರೆ ಮೂರು ವರ್ಷದಿಂದ ಐದನೆಯ ಕೈ ಪಕ್ಕದ ಮನೆಯ ಕುಂದಾಳದು. ಅವಳೂ ಅದೇ ದೇವರ ಒಕ್ಕಲಾದ್ದರಿಂದ ನಡೆಯುತ್ತಿತ್ತು. ಪ್ರಮಿಳಾ ಬಂದು ನೋಡಿದರೆ ದೇವರ ಮುಂದೆ ಕಾಯಿಯ ಜುಟ್ಟಷ್ಟೇ ಬಿದ್ದಿರುತ್ತಿತ್ತು.

ಈ ಸಲ ಕಾಡವ್ವ ಹಟ ಹಿಡಿದಳು. “ಮೂರು ವರ್ಷ ಮಂದಿ ಕೈಲೆ ಎತ್ತೀವಿ. ಈ ವರ್ಷ ನೀ ಬರೂತನಕಾ ತಳಿಗಿ ಏಳೂದಿಲ್ಲ, ನನ್ನ ಬಾಯಿಗೆ ಹನಿ ನೀರೂ ಇಲ್ಲ.”

ಎಪ್ಪತ್ತಾರರ ಮುದುಕಿ, ಮೈಯಲ್ಲಿ ಸಕ್ಕರೆ ಕಾಯಿಲೆ. ಪ್ರಮಿಳಾ ಅರ್ಧ ದಿನದ ರಜೆ ಬರೆದುಕೊಟ್ಟು, ಮಧ್ಯಾಹ್ನ ಹನ್ನೆರಡರೊಳಗೆ ಬರುತ್ತೇನೆಂದು ಮಾತು ಕೊಟ್ಟು ಹೋದಳು.

ಹನ್ನೊಂದಕ್ಕೆ ಚೀಲ ಹೆಗಲಿಗೇರಿಸಿದಾಗ ಹಲಸಿ ಹಳ್ಳಿಯ ಸಾವಂತ್ರವ್ವ ಬಾಗಿಲಲ್ಲಿ ನಿಂತಿದ್ದಳು. ಮೊಮ್ಮಗಳು ಸಮೃದ್ಧಿ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಾಳೆ, ವಿದ್ಯಾರ್ಥಿವೇತನದ ಅರ್ಜಿಗೆ ಇದೇ ಕೊನೆಯ ದಿನ. ಹತ್ತು ನಿಮಿಷದ ಕೆಲಸವೆಂದು ಪ್ರಮಿಳಾ ಕೂತಳು. ಅರ್ಧ ತುಂಬುವಷ್ಟರಲ್ಲಿ ನೆಟ್ ಹೋಯಿತು.

ಕೂತಳು, ಎದ್ದಳು, ನೀರು ಕುಡಿಯಲು ಹೋಗಿ ಉಪವಾಸ ನೆನಪಾಗಿ ಲೋಟ ಇಟ್ಟಳು. ಗೋಡೆಯ ಗಡಿಯಾರ ನೋಡಿದಳು, ಅದು ತಪ್ಪಿರಬಹುದೆಂದು ಮೊಬೈಲ್ ನೋಡಿದಳು. ಪಕ್ಕದ ಮೇಜಿನ ಪರಾಗನಿಗೆ ನಗೆ.

“ವೈನಿ, ಹೆಬ್ಬಟ್ಟೊಂದು ಇಲ್ಲೇ ಬಿಡ್ರಿ. ಉಳಿದದ್ದನ್ನ ನಾ ಬಸ್ಸಿಗೆ ಹತ್ತಿಸಿ ಬರ್ತೀನಿ.”

ಅವಳಿಗೆ ನಗು ಬರಲಿಲ್ಲ. ಸಾವಂತ್ರವ್ವನ ಹಣೆಯ ಮೇಲೆ ಅದೇ ದೇವರ ಭಂಡಾರವಿತ್ತು. ಸಂಗತಿ ಕೇಳಿದ ಮುದುಕಿ ಸೆರಗು ಹೊದ್ದುಕೊಂಡು ಎದ್ದಳು. “ನೀ ಹೋಗವ್ವ. ನಂದೂ ಉಪಾಸ ಐತಿ ಖರೆ, ಆದ್ರ ನನಗ್ಯಾರು ಕಾಯ್ತಾರ? ಐದು ಕೈ ಇದ್ದ ಮನಿ ನಿಂದು.”

ಹೋಗು ಎಂದದ್ದೇ ಕಾಲಿಗೆ ಗೂಟವಾಯಿತು. ಒಂದು ಗಂಟೆಗೆ ಶಿವಲಿಂಗನ ಫೋನು. ತಟ್ಟೆಯ ಬಾಜೂಕೆ ಮೊಬೈಲ್ ಇಟ್ಟು ಅವಳನ್ನು ವಿಡಿಯೋದಲ್ಲಿ ಕೂರಿಸುವುದು ಅವನ ಉಪಾಯ. ಕಾಡವ್ವ ಅದನ್ನು ಬಾಗಿಲಾಚೆಗೇ ಹಾಕಿದ್ದಳಂತೆ. ಎರಡಕ್ಕೆ ಮತ್ತೆ ಫೋನು ಬಂತು. ಪ್ರಮಿಳಾ ಎತ್ತಲಿಲ್ಲ.

ಎರಡೂವರೆಗೆ ನೆಟ್ ಬಂತು. ಹೆಬ್ಬೆರಳು ಒತ್ತಿ, ರಸೀದಿಯನ್ನು ಸಾವಂತ್ರವ್ವನ ಕೈಗಿಟ್ಟು ಓಡಿದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ಬಾಗಿಲ ಹತ್ತಿರವೇ ನಿಂತಳು, ನಿಂತರೆ ಬೇಗ ಮುಟ್ಟುವವಳ ಹಾಗೆ.

ಮನೆ ಮುಟ್ಟಿದಾಗ ನಾಲ್ಕು. ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ ಪಲ್ಯ ಮುಚ್ಚಿದಲ್ಲೇ ಇದ್ದವು. ತಳಿಗೆಯೂ ಹಾಗೇ ಇತ್ತು. ಕಾಡವ್ವ ಮಾತ್ರ ಗೋಡೆಗೆ ಒರಗಿದ್ದಳು. ಮೂರರ ಸುಮಾರಿಗೆ ಮೈ ಬೆವೆತು ಕಣ್ಣು ಕತ್ತಲಾಗಿ ಕುಸಿದಿದ್ದಳಂತೆ. ಐಶ್ವರ್ಯಾ ಹೆದರಿ ಬಾಯಿಗೆ ಬೆಲ್ಲ ತುರುಕಿದ್ದಳು.

“ನಂದು ಉಂಡ ಕೈ ಆತು,” ಎಂದಳು ಕಾಡವ್ವ. “ಕುಂದಾನ್ನ ಕರೀರಿ.”

“ಬೆಲ್ಲದ ಚೂರು ಊಟ ಆಗತೈತೇನ್ರಿ ಅತ್ತಿ?”

“ದೇವರಿಗೆ ವಕೀಲಕಿ ಮಾಡಬ್ಯಾಡ. ನನ್ನ ಜಾಗಾದಾಗ ನೀ ಕುಂದರು.”

ಕುಂದಾ ಇನ್ನೂ ಉಂಡಿರಲಿಲ್ಲ. ಪ್ರತಿ ವರ್ಷ ಕರೆಯುವವರು ಈ ವರ್ಷ ಯಾಕೆ ಕರೆಯಲಿಲ್ಲವೆಂದು ಕಾಯುತ್ತಲೇ ಕೂತಿದ್ದಳಂತೆ. ಬಂದವಳೇ ರೂಢಿಯಂತೆ ಪ್ರಮಿಳಾಳ ಜಾಗದಲ್ಲಿ ಕೂತಳು. ಪ್ರಮಿಳಾ ದೇವರ ಎದುರಿಗೆ, ನಲವತ್ತು ವರ್ಷ ಅತ್ತೆ ಕೂತ ಜಾಗದಲ್ಲಿ. ಕಾಯಿಯ ಭಾರವೆಲ್ಲ ಆ ಕಡೆಗೇ ವಾಲುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಎತ್ತುವಾಗ ಚೀಲದಲ್ಲಿ ಮೊಬೈಲ್ ಗುಂಯ್‌ಗುಟ್ಟಿತು. ಅವಳ ಕಣ್ಣು ಅತ್ತ ಹೋದದ್ದನ್ನು ಕಾಡವ್ವ ಕಂಡಳು.

“ತಳಿಗಿ ನೋಡು,” ಎಂದಳು, ಅಷ್ಟೇ.

ಮೂರನೆಯ ಸಲವೂ ಎತ್ತಿದರು. ಕಾಡವ್ವ ಕೂತಲ್ಲಿಂದಲೇ ಕೈ ಚಾಚಿ ಸೊಸೆಯ ಹಣೆಗೆ ಭಂಡಾರ ಹಚ್ಚಿದಳು. ಉಳಿದದ್ದನ್ನು ಅವಳ ಅಂಗೈಗೆ ಸುರಿದು ಬೆರಳು ಮಡಚಿದಳು.

ಮರುದಿನ ಖಾನಾಪುರದಲ್ಲಿ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ಗೆರೆಗಳಲ್ಲೆಲ್ಲ ಅರಿಶಿನ. ಸೆರಗಿಗೆ ಒರೆಸಿ ಒತ್ತಿದಳು, ಮತ್ತೆ ಒರೆಸಿದಳು. ಹೊರಗೆ ಸಾಲು ಬೆಳೆಯುತ್ತಿತ್ತು. ಸಾಬೂನು ಹಚ್ಚಿ ತೊಳೆಯಿರಿ ವೈನಿ ಎಂದು ಪರಾಗ ಅವಸರ ಮಾಡಿದ. ನಳದ ಹತ್ತಿರ ಹೋಗಿ ಅಂಗೈ ಬಿಡಿಸಿ ಅತ್ತೆ ಸುರಿದ ಭಂಡಾರದ ಹಳದಿ ನೋಡಿದಳು. ಆಮೇಲೆ ಹೆಬ್ಬೆರಳೊಂದನ್ನೇ ತೊಳೆದುಕೊಂಡು ಬಂದು ಕೂತಳು.