ಆಯಿಲ್ ಸೆನ್ಸರಿಗೆ ಸುತ್ತಿದ ಟೇಪು

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಉಸ್ತಾದರ ಜನರೇಟರ್ ರಿಪೇರಿ ಅಂಗಡಿ ಇತ್ತು. ತೊಂಬತ್ತರ ದಶಕದ ನಡುವೆ, ಐಟಿಐ ಮುಗಿಸಿ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ವೈರಿಂಗ್ ನನ್ನ ಪಾಲು, ಇಂಜಿನ್ ಅವರ ಪಾಲು. ಕರೆಂಟು ಬರುವುದೇ ಸುದ್ದಿಯಾಗಿದ್ದ ಕಾಲ ಅದು. ಹಿಟ್ಟಿನ ಗಿರಣಿ, ಟಾಕೀಸು, ಮದುವೆಯ ಚಪ್ಪರ, ಎಲ್ಲ ಕಡೆಯಿಂದಲೂ ಉಸ್ತಾದರನ್ನು ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಬಿಚ್ಚಿದರೆ ಅದೇ ಸವೆದಿರುತ್ತಿತ್ತು.

ಮೂವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕದಲ್ಲಿ ನಿಂತ ಆ ಕಿವಿಗಳು ಎರಡು ಸಾವಿರದ ಇಸವಿಯ ಹೊತ್ತಿಗೆ ಸೋತುಹೋದವು. ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಬೆನ್ನ ಹಿಂದೆ ನಿಂತು ಮೂರು ಸಲ ಕರೆದರೂ ಅವರು ತಿರುಗದೆ ಇದ್ದಾಗ. ಭುಜ ಮುಟ್ಟಿದೆ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

"ಯಾರಿಗೂ ಹೇಳಬ್ಯಾಡ ಬೇಟಾ. ಮಂದಿ ಕೆಲಸ ಕೊಡಂಗಿಲ್ಲ" ಎಂದರು.

ಆಮೇಲೆ ಅವರು ಸ್ಕ್ರೂಡ್ರೈವರ್ ಬಿಟ್ಟು ಇಂಜಿನ್ನಿನ ಮೈಮೇಲೆ ಅಂಗೈ ಇಡತೊಡಗಿದರು. ಗಿರಾಕಿಗಳ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ತಿಳಿಯದಿದ್ದಾಗ ನಾನು ನಡುವೆ ಬಾಯಿ ಹಾಕುತ್ತಿದ್ದೆ. ಹೀಗೆ ಕೆಲವು ವರ್ಷ ನಡೆಯಿತು.

ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯ ಜನರೇಟರನ್ನು ಬಹಳ ವರ್ಷಗಳಿಂದ ನಾವೇ ನೋಡಿಕೊಳ್ಳುತ್ತಿದ್ದೆವು. ಅದರ ಡಾಕ್ಟರು ಒಂದು ದಿನ ಹೊಸ ಕಂಟ್ರೋಲರ್ ತರಿಸಿದರು. ಕರೆಂಟು ಹೋದರೆ ತಾನೇ ಇಂಜಿನ್ ಚಾಲೂ ಮಾಡುವ, ಎಣ್ಣೆಯ ಒತ್ತಡ ಇಳಿದರೆ ತಾನೇ ನಿಲ್ಲಿಸುವ ಪೆಟ್ಟಿಗೆ. ಅದನ್ನು ಕೂಡಿಸುವುದನ್ನು ನಾನು ಹೈದರಾಬಾದಿಗೆ ಹೋಗಿ ಎರಡು ದಿನ ಕಲಿತು ಬಂದೆ.

ಉಸ್ತಾದರೂ ನಾನೂ ಮೂರು ದಿನ ಆ ಕೆಲಸ ಮಾಡಿದೆವು. ಬ್ಯಾಟರಿಯಿಂದ ಕಂಟ್ರೋಲರಿಗೆ ಬೇರೆಯೇ ವೈರು ಎಳೆದು ಫ್ಯೂಜ್ ಹಾಕಿದೆ. ಸ್ಟಾರ್ಟರಿನ ವೈರಿಗೇ ಸೇರಿಸಿದರೆ ಇಂಜಿನ್ ತಿರುಗುವಾಗ ಕಂಟ್ರೋಲರಿಗೆ ಕರೆಂಟು ಸಾಲದೆ ಅದು ಆರಿಹೋಗುತ್ತದೆ. ವೇಗ ಅಳೆಯುವ ಸೆನ್ಸರನ್ನು ಫ್ಲೈವ್ಹೀಲ್ ಎಂಬ ದೊಡ್ಡ ಚಕ್ರದ ಹಲ್ಲಿಗೆ ತಾಗುವವರೆಗೆ ತಿರುಗಿಸಿ, ಮತ್ತೆ ಅರ್ಧ ಸುತ್ತು ಹಿಂದಕ್ಕೆ ತಂದವರು ಉಸ್ತಾದರೇ. ಒಂದಕ್ಕೊಂದು ಹೆಣೆದ ಎರಡು ಎಳೆಯ ಕೇಬಲನ್ನು ಡಾಕ್ಟರ ಕೋಣೆಯ ತನಕ ಒಯ್ದು, ಕಂಟ್ರೋಲರಿನ ಅಂಕಿಗಳನ್ನೇ ತೋರಿಸುವ ಇನ್ನೊಂದು ಪರದೆಯನ್ನು ಅಲ್ಲಿ ಕೂಡಿಸಿದೆವು. ಅಂಕಿಗಳು ಮೂಡಿದಾಗ ಉಸ್ತಾದರು ಸಣ್ಣ ಮಗುವಿನ ಹಾಗೆ ನಕ್ಕರು. ಎದುರಿನ ಚಹಾದ ಅಂಗಡಿಯವನಿಗೆ ನನ್ನನ್ನು ತೋರಿಸಿ, "ನಮ್ಮ ಹುಡುಗ ಮಾಡ್ಯಾನ ಇದು" ಎಂದರು.

ಕೊನೆಯ ದಿನ ಸಂಜೆ ಎಣ್ಣೆ ಒತ್ತಡದ ಸೆನ್ಸರಿನ ಬುಡದಲ್ಲಿ ಎಣ್ಣೆ ಜಿನುಗುತ್ತಿತ್ತು. ಬಸವಕಲ್ಯಾಣದ ಬಸ್ಸಿಗೆ ಹೊತ್ತಾಗಿತ್ತು. ನಾನು ಅದನ್ನು ಬಿಚ್ಚಿ, ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಅದರ ತಿರುಪಿನ ಸುತ್ತುಗಳ ಮೇಲೆ ದಪ್ಪಗೆ ಸುತ್ತಿ, ಮತ್ತೆ ಬಿಗಿದೆ. ಜಿನುಗುವುದು ನಿಂತಿತು. ಆ ಸೆನ್ಸರಿಗೆ ಇದ್ದದ್ದು ಒಂದೇ ವೈರು. ಇನ್ನೊಂದು ದಾರಿ ಎಂದರೆ ಇಂಜಿನ್ನಿನ ಕಬ್ಬಿಣವೇ. ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು, ಟೇಪು ಸುತ್ತಬಾರದು ಎಂದು ಹೈದರಾಬಾದಿನಲ್ಲಿ ಕಲಿಸಿದವರು ಎರಡು ಸಲ ಹೇಳಿದ್ದರು. ನನಗೆ ನೆನಪಾಗಲಿಲ್ಲ. ಟೇಪು ಅಡ್ಡ ಬಂದದ್ದರಿಂದ ಪರದೆ ಒತ್ತಡವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸತೊಡಗಿತು. ಹೆಚ್ಚಿದ್ದರೆ ಒಳ್ಳೆಯದೇ ಎಂದುಕೊಂಡು ಬಂದೆ.

ಎರಡು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಜನರೇಟರ್ ಓಡುತ್ತಿತ್ತು. ಉಸ್ತಾದರು ಅಂಗೈ ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ಬೇಟಾ, ಇದರ ಮೈಯಾಗ ಏನೋ ಫರಕ್ ಅದ. ಎಣ್ಣಿ ಸರಿ ಹೊಂಟಿಲ್ಲ. ನಿಲ್ಲಿಸಿ ನೋಡೋಣು."

ನಾನು ಕಂಟ್ರೋಲರಿನ ಪರದೆ ತೋರಿಸಿದೆ. "ಪ್ರೆಶರ್ ಛಲೋ ಅದ ನೋಡ್ರಿ ಉಸ್ತಾದ್. ಒಳಗ ಪೇಶೆಂಟ್ ಅದಾರ, ಸುಮ್ನ ಯಾಕ ನಿಲ್ಲಿಸೋದು?"

ಅವರು ಪರದೆ ನೋಡಿದರು, ನನ್ನನ್ನು ನೋಡಿದರು. "ಹಾಂಗಾದ್ರ ಸರಿ" ಎಂದು ಕೈ ಒರೆಸಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಎಣ್ಣೆಯ ಪಂಪು ಪೂರ್ತಿ ಕೈಕೊಟ್ಟಿತು; ಒತ್ತಡ ಸರಿಯಿದೆಯೆಂದೇ ತಿಳಿದ ಕಂಟ್ರೋಲರ್ ನಿಲ್ಲಿಸಲಿಲ್ಲ, ಇಂಜಿನ್ ಹಿಡಿದುಕೊಂಡು ನಿಂತುಹೋಯಿತು. ಕರೆಂಟು ಇರಲಿಲ್ಲ. ಒಳಗೆ ಒಬ್ಬಾಕೆಯ ಹೊಟ್ಟೆ ಕೊಯ್ದು ಮಗು ತೆಗೆಯುತ್ತಿದ್ದರು. ಬ್ಯಾಟರಿ ದೀಪ ಹಿಡಿದುಕೊಂಡೇ ಮುಗಿಸಿದರಂತೆ. ತಾಯಿ, ಮಗು ಇಬ್ಬರೂ ಉಳಿದರು.

ಫೋನು ಬಂದ ಕೂಡಲೇ ಹೋದೆವು. ಉಸ್ತಾದರು ಇಂಜಿನ್ನಿನ ಕೆಳಗೆ ಬಗ್ಗಿದ್ದಾಗ ನಾನು ಸೆನ್ಸರ್ ಬಿಚ್ಚಿದೆ. ಬಿಳಿ ಟೇಪು ಕಂಡಿತು. ಟೇಪು ಸುತ್ತಬಾರದೆಂಬ ಮಾತು ಆಗ ನೆನಪಾಯಿತು. ಅದನ್ನು ಉಗುರಿನಿಂದ ಕೆರೆದು ತೆಗೆದು ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಡಾಕ್ಟರು ಬಂದು ಉಸ್ತಾದರ ಬೆನ್ನ ಹಿಂದೆ ನಿಂತು ಏನಾಯಿತೆಂದು ಕೇಳಿದರು. ಮತ್ತೆ ಜೋರಾಗಿ ಕೇಳಿದರು. ಉಸ್ತಾದರು ತಿರುಗಲಿಲ್ಲ. ಡಾಕ್ಟರಿಗೆ ತಿಳಿಯಿತು. ಅವರ ಮುಂದೆ ಬಂದು ನಿಂತು, "ಕಿವಿ ಕೇಳಂಗಿಲ್ಲೇನು ನಿಮಗ? ಇಂಜಿನ್ ಬಡಕೊಳ್ಳೋದೇ ಕೇಳದವರ ಕೈಯಾಗ ನನ್ನ ಆಸ್ಪತ್ರಿ ಕೊಟ್ಟೆನಲ್ರಿ!" ಎಂದು ಕೂಗಿದರು. ನರ್ಸುಗಳು, ರೋಗಿಗಳ ಕಡೆಯವರು ಎಲ್ಲರೂ ಅಲ್ಲೇ ಇದ್ದರು.

ಉಸ್ತಾದರು ಕೈ ಮುಗಿದರು. "ತಪ್ಪಾತ್ರಿ ಡಾಕ್ಟರ್ ಸಾಬ್. ಮಾಫ್ ಮಾಡ್ರಿ."

ನಾನು ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದೆ.

ಮರುದಿನದಿಂದ ಉಸ್ತಾದರು ಅಂಗಡಿಗೆ ಬರಲಿಲ್ಲ. ಬೀಗದ ಕೈ ನನಗೆ ಕಳಿಸಿದರು. ಊರಲ್ಲಿ ಎಲ್ಲರೂ ಕಂಟ್ರೋಲರ್ ಕೂಡಿಸತೊಡಗಿದ್ದ ಹೊತ್ತು, ಕೆಲಸವೆಲ್ಲ ನನಗೇ ಬಂತು, ಆ ಆಸ್ಪತ್ರೆಯದು ಕೂಡ. ಅವರ ಮನೆಗೆ ನಾಲ್ಕಾರು ಸಲ ಹೋದೆ. ಹೇಳಬೇಕೆಂದೇ ಹೋಗುತ್ತಿದ್ದೆ. ಆದರೆ ಹೆಂಡತಿಯ ತುಟಿ ಬಿಟ್ಟರೆ ಬೇರೆಯವರದು ಅವರಿಗೆ ಈಗ ಸರಿಯಾಗಿ ತಿಳಿಯುತ್ತಿರಲಿಲ್ಲ, ನಾನು ಏನು ಹೇಳಬೇಕಾದರೂ ಓಣಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಬರೆದುಕೊಡೋಣವೆಂದರೆ ಅವರಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ, ನನಗೆ ಅದು ಬರೆಯಲು ಬಾರದು. ಚಹಾ ಕುಡಿದು ಎದ್ದು ಬರುತ್ತಿದ್ದೆ.

ಒಂದು ವರ್ಷದ ಮೇಲೆ ಅವರ ಹೆಂಡತಿಯ ಮುಂದೆ ಅತ್ತುಬಿಟ್ಟೆ. ಚಾಚಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಗಂಡನ ಎದುರು ಕುಳಿತು, ತುಟಿ ನಿಧಾನ ಆಡಿಸುತ್ತ ಟೇಪಿನ ಸಂಗತಿಯನ್ನು ಹೇಳಿದರು. ಉಸ್ತಾದರು ನನ್ನ ಕಡೆ ತಿರುಗಿದರು.

"ಮಶೀನ್ ಎಣ್ಣಿ ಸರಿ ಅದ ಅಂತ ತೋರಿಸ್ತು, ಹಾಂಗಾದ್ರ ಇಂಜಿನ್ ಬ್ಯಾರೆ ಯಾತಕ್ಕೋ ಹೋತು, ಅದು ನನ್ನ ಕೈಗೆ ಸಿಗಲಿಲ್ಲ ಅಂದ್ಕೊಂಡೆ. ಕಿವಿ ಹೋಗಿತ್ತು, ಈಗ ಕೈಗೂ ಏನೂ ತಿಳೀವಲ್ದು ಅಂತ ತಿಳ್ಕೊಂಡಿದ್ದೆ. ವರ್ಷಾತು ಬೇಟಾ, ಹಾಂಗ ತಿಳ್ಕೊಂಡು" ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಕೇಳಿದರು: "ಡಾಕ್ಟರ್ ಸಾಬ್‌ಗ ಹೇಳೀ ಏನು?"

ಇಲ್ಲವೆಂದು ತಲೆಯಾಡಿಸಿದೆ.

"ಹೇಳಿ ಬಾ."

ಮರುದಿನವೇ ಹುಮನಾಬಾದಿಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ್ಯಾಕ ಅದೆಲ್ಲಾ? ಆಗಿ ಹೋದ ಮಾತು" ಎಂದರು. ಒಂದು ಸಲ ಬಂದು ಉಸ್ತಾದರಿಗೆ ಮುಖ ತೋರಿಸಿ ಹೋಗ್ರಿ ಎಂದು ಬೇಡಿಕೊಂಡೆ. "ನೋಡೋಣ" ಎಂದರು. ಅವರ ಆಸ್ಪತ್ರೆಯ ಕೆಲಸ ಅಂದೇ ಬಿಟ್ಟೆ.

ಡಾಕ್ಟರು ಬರಬಹುದೆಂದು ಚಾಚಿಯ ಮೂಲಕ ಉಸ್ತಾದರಿಗೆ ತಿಳಿಸಿದೆ. ಅವರು ಬರಲಿಲ್ಲ. ಆ ಚಳಿಗಾಲದಲ್ಲಿ ಉಸ್ತಾದರಿಗೆ ನ್ಯುಮೋನಿಯಾ ಆಯಿತು, ಎಂಟೇ ದಿನದಲ್ಲಿ ಹೋಗಿಬಿಟ್ಟರು. ಅದಕ್ಕೆ ಮೊದಲು ನಾನು ಹೋದ ಎರಡು ಮೂರು ಸಲವೂ, ಬಾಗಿಲ ಕಡೆ ನೋಡಿ, "ಒಬ್ಬನೇ ಬಂದಿ ಏನು?" ಎಂದು ಕೇಳುತ್ತಿದ್ದರು.