ಎಡತೋಳಿನ ಅಳತೆ

ಚಿತ್ರದುರ್ಗದ ಶಬನಾಗೆ ಊರಿನ ಜನ ಮುಖಕ್ಕಿಂತ ಮೊದಲು ಅಳತೆಯಾಗಿ ಗೊತ್ತು. ದರ್ಜಿ ಅಬ್ದುಲ್ ಖಾದರ್ ನಲವತ್ತು ವರ್ಷ ಬರೆದಿಟ್ಟಿದ್ದ ಅಳತೆಗಳನ್ನೆಲ್ಲ ಅಂಗಡಿಯ ವೆಬ್‌ಸೈಟಿಗೆ ಏರಿಸಿದವಳು ಈ ಮಗಳೇ. ಏರಿಸುವಾಗ ಕಣ್ಣಿಗೆ ಮಂಪರು ಹತ್ತಿದರೆ ಎದೆ ನಲವತ್ತು, ಸೊಂಟ ಮೂವತ್ತಾರು ಎಲ್ಲ ಎದ್ದು ಅಂಗಡಿಯ ತುಂಬ ಮೆಲ್ಲಗೆ ಓಡಾಡಿದಂತೆ ಅವಳಿಗೆ ಕಾಣುತ್ತಿತ್ತು. ಮರುಳು ಅನ್ನುವವರು ಅನ್ನಲಿ, ನಾನಂತೂ ಅನ್ನಲಾರೆ.

ಮೊನ್ನೆ ಸೈಟಿನ ಫ್ರೇಮ್‌ವರ್ಕಿಗೆ ಹೊಸ ಆವೃತ್ತಿ ಹಾಕಿದ್ದೇ ತಡ, ಅಳತೆಗಳನ್ನಿಟ್ಟ ಡೇಟಾಬೇಸ್ ಮುನಿಸಿಕೊಂಡಿತು. ಒಂದು ಅಳತೆಯೂ ತೆರೆಯದು. ಬರೆದಿಟ್ಟ ಹಳೆಯ ಪುಸ್ತಕಗಳು ಆಗಲೇ ಗೆದ್ದಲ ಪಾಲಾಗಿವೆ. ಅಪ್ಪನಿಗೋ ಈಗ ಟೇಪಿನ ಅಂಕಿ ಕಾಣದು. ಅಂಗಡಿಯ ಹುಡುಗ ಕೈಸರ್ ಬಟ್ಟೆ ಕತ್ತರಿಸುವುದು ಸೈಟಿನಿಂದ ಬರುವ ಅಳತೆ ಚೀಟಿ ನೋಡಿಯೇ. ನಾಳೆ ಭೀಮಸಮುದ್ರದ ಮುರುಗೇಶಪ್ಪನವರ ಮಗಳ ಮದುವೆ, ಅವರ ತುಂಬುತೋಳಿನ ಅಂಗಿ ಇನ್ನೂ ಬರೀ ಬಟ್ಟೆ.

ಶಬನಾ ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ಮತ್ತೆ ಆರಿಸಿ ಹಚ್ಚಿದಳು. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ದೋಷಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಾಗ ಕೊನೆಗೆ ಒಂದೇ ಸಾಲು ಅಡ್ಡ ನಿಂತಿತು: ‘ಎಡತೋಳು ಖಾಲಿ ಇರುವಂತಿಲ್ಲ.’ ಖಾಲಿ ಇದ್ದದ್ದು ಮುರುಗೇಶಪ್ಪನವರ ಅಳತೆಯಲ್ಲೇ. ಅಡಿಕೆ ಸುಲಿಯುವ ಯಂತ್ರಕ್ಕೆ ಅವರ ಎಡಗೈ ಹೋಗಿ ಹನ್ನೆರಡು ವರ್ಷವಾಗಿತ್ತು. ಹಳೆಯ ಆವೃತ್ತಿ ಖಾಲಿಯನ್ನು ಸುಮ್ಮನೆ ಒಪ್ಪಿಕೊಂಡಿತ್ತು, ಹೊಸದಕ್ಕೆ ಆ ತಾಳ್ಮೆ ಇಲ್ಲ. ಅವಳು ಸೊನ್ನೆ ಒತ್ತಿದಳು. ಎಲ್ಲ ತೆರೆದುಕೊಂಡಿತು.

ಚೀಟಿ ನೋಡಿ ಕೈಸರ್ ಕೇಳಿದ: “ಎಡಕ್ಕೆ ತೋಳೇ ಬ್ಯಾಡೇನಕ್ಕ? ಸೊನ್ನೆ ಐತೆ.”

ಅಬ್ದುಲ್ ಖಾದರ್ ಎದ್ದು ಬಂದರು. “ಇಲ್ಲದ ಕೈ ನೀಡ್ರಿ ಅಂತ ಹೆಂಗೆ ಕೇಳ್ಲಿ ಬೇಟಾ? ಅದಕ್ಕೇ ಬರೀದೆ ಬಿಟ್ಟಿದ್ದೆ. ಬಲಗೈ ಅಳತೇನೇ ಎರಡಕ್ಕೂ ಇಟ್ಟು ಹೊಲೀತಿದ್ದೆ. ಅವ್ರೂ ಕೇಳಿಲ್ಲ, ನಾನೂ ಹೇಳಿಲ್ಲ.”

ಶಬನಾಗೆ ನಾಚಿಕೆಯಾಯಿತು. ಸೊನ್ನೆ ಅಳಿಸಿ ಬಲಗೈಯ ಇಪ್ಪತ್ತನಾಲ್ಕೂವರೆಯನ್ನೇ ಬರೆದಳು.

ಸಂಜೆ ಮುರುಗೇಶಪ್ಪನವರು ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. ಎಡತೋಳು ಬಲದಷ್ಟೇ ಉದ್ದಕ್ಕೆ ಇಳಿದಿತ್ತು. ಅವರು ಅದನ್ನೇ ನೋಡುತ್ತಿದ್ದು, “ಸಾಬ್ರೆ, ಈ ಕಡೆ ಗುಂಡಿ ಮರ್ತೀರಿ. ಹಾಕ್ಕೊಡ್ರಿ, ನಾಳೆ ಬೀಗರು ಬರ್ತಾರೆ” ಅಂದರು.

ಅಪ್ಪನ ಕಣ್ಣಿಗೆ ಸೂಜಿ ಕಾಣಬೇಕಲ್ಲ. ಶಬನಾಳೇ ಗುಂಡಿ ಹೊಲಿದಳು. ಹೊಲಿದು, ಬರಿದಾದ ತೋಳಿನ ತುದಿಯನ್ನು ಅಂಗೈಯಲ್ಲಿ ಹಿಡಿದು, ಮೆಲ್ಲಗೆ ಗುಂಡಿ ಹಾಕಿದಳು. ಏನೋ ಗುಂಗಿನಲ್ಲಿ ಬಾಯಿ ತಪ್ಪಿ ಕೇಳಿಯೂಬಿಟ್ಟಳು:

“ಬಿಗಿ ಆಯ್ತೇನ್ರಿ?”

“ಇಲ್ಲಮ್ಮ,” ಅಂದರು ಮುರುಗೇಶಪ್ಪನವರು, “ಸರಿಯಾಗೈತೆ.”