ಬೆಡ್‌ಫರ್ಡ್ ಗುರುಶಾಂತಪ್ಪ

ಗುರುಶಾಂತಪ್ಪನವರ ಎಡಗಾಲಿಗೆ ಅಮೆರಿಕದಲ್ಲಿ ಯಾವ ಉದ್ಯೋಗವೂ ಇರಲಿಲ್ಲ. ಆದರೂ ಅದು ಬಿಡುವು ತೆಗೆದುಕೊಂಡದ್ದನ್ನು ನಾನು ಕಾಣೆ. ನನ್ನ ಮಗಳು ನಂದಿನಿ ನಮ್ಮಿಬ್ಬರನ್ನೂ ಅರೋರಾದ ದೇವಸ್ಥಾನಕ್ಕೆ ಕರೆದೊಯ್ಯುವಾಗ ಅವರು ಮುಂದಿನ ಆಸನದಲ್ಲಿ ಕುಳಿತಿರುತ್ತಿದ್ದರು. ಸಿಗ್ನಲ್ ಹತ್ತಿರವಾದಂತೆ, ಕ್ಲಚ್ಚೇ ಇಲ್ಲದ ಆ ಕಾರಿನ ನೆಲಹಾಸಿನ ಮೇಲೆ ಅವರ ಎಡಗಾಲು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಯಾವಾಗಲೂ ಹೀಗೆ ಜೋಡಿಯಾಗಿಯೇ.

ಕಾರಣ ಕೇಳಿದೆ.

“ಇಂಗ್ಲಿಷ್ ಲಾರಿ ಕಲಿಸಿದ್ದು ಅಕ್ಕಾರ. ಒಮ್ಮೆ ತುಳಿದ್ರ ಗೇರು ಹೊರಗ ಬರತೈತಿ. ಕಾಲು ತೆಗೆದು ಇಂಜಿನ್ನಿಗೆ ಒಂದು ಗುಟುಕು ಎಣ್ಣಿ ಕುಡಿಸಬೇಕು. ಇನ್ನೊಮ್ಮೆ ತುಳಿದ್ರ ಕೆಳಗಿನ ಗೇರು ಮರ್ಯಾದಿಯಿಂದ ಒಳಗ ಹೋಗತೈತಿ. ಇಲ್ಲಂದ್ರ ಹಲ್ಲು ಕಡೀತೈತಿ, ಹಾದಿಮ್ಯಾಗಿನ ಮಂದಿ ತಿರುಗಿ ನೋಡತಾರ.”

ರಾಣೆಬೆನ್ನೂರಿನ ಕಡೆಯವರು. ಬ್ಯಾಡಗಿ ಮೆಣಸಿನಕಾಯಿಯನ್ನೂ ಹತ್ತಿಯ ಅಂಡಿಗೆಗಳನ್ನೂ ಹೊತ್ತು ಹುಬ್ಬಳ್ಳಿ, ಪುಣೆ, ಮುಂಬಯಿ ಎಂದು ಲಾರಿ ಓಡಿಸಿದ ಮೇಲೆ, ವೈದ್ಯೆಯಾದ ಮಗಳ ಜೊತೆ ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕ್‌ನ ನಮ್ಮ ಬೀದಿಗೇ ಬಂದು ನೆಲೆಸಿದ್ದರು. ನಾನು ಮೈಸೂರಿನವಳು, ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನ ಕಳೆದವಳು. ಎರಡು ಆಧಾರಗಳಿಲ್ಲದೆ ಯಾವ ಇಸವಿಯನ್ನೂ ಒಪ್ಪದ ನನ್ನ ಚಾಳಿ ನಿವೃತ್ತಿಯಿಂದ ಕಡಿಮೆಯಾಗಿರಲಿಲ್ಲ. ಸಂಜೆಯ ನಡಿಗೆಯಲ್ಲಿ ಅವರು ಹೇಳುತ್ತಿದ್ದರು, ನಾನು ತಾಳೆ ನೋಡುತ್ತಿದ್ದೆ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ ತಾವು ಮೊದಲ ಸಲ ಬೆಡ್‌ಫರ್ಡ್ ಎಂಬ ಆ ಇಂಗ್ಲಿಷ್ ಲಾರಿಯ ಸ್ಟಿಯರಿಂಗ್ ಹಿಡಿದದ್ದಾಗಿ ಒಂದು ದಿನ ಹೇಳಿದರು. ಕೊಯ್ನಾ ಭೂಕಂಪವಾದಾಗ ಬೆಡ್‌ಫರ್ಡಿನ ಕ್ಯಾಬಿನ್ನಿನಲ್ಲೇ ಇದ್ದೆನೆಂದು ಇನ್ನೊಂದು ದಿನ. ನಾನು ನಿಂತುಬಿಟ್ಟೆ. “ಭೂಕಂಪ ಅರವತ್ತೇಳರ ಡಿಸೆಂಬರಿನದು. ನಾಮಕರಣ ಎಪ್ಪತ್ತಮೂರರ ನವೆಂಬರಿನದು. ಎರಡರಲ್ಲೊಂದು ತಪ್ಪಿರಬೇಕಲ್ಲ?”

“ಎರಡೂ ಖರೆ. ಭೂಕಂಪ ಆದಾಗ ನಾ ಕ್ಲೀನರ್, ಕ್ಯಾಬಿನ್ನಾಗ ಮಲಗಿದ್ದೆ. ಮಲಗಾಕ ಲೈಸೆನ್ಸ್ ಬೇಕೇನ್ರಿ?”

ಲಾರಿಗಳ ಬಗೆಗೆ ಅವರ ತೀರ್ಪುಗಳಿಗೆ ಮೇಲ್ಮನವಿ ಇರಲಿಲ್ಲ. “ಕಾಮೆಟ್ ಲಾರಿ ಅಂದ್ರ ಮಾವ ಇದ್ದಂಗ. ಕೆಮ್ಮಿದ್ರ ಊರಿಗೆಲ್ಲಾ ಕೇಳತೈತಿ, ಆದ್ರ ಮನಿ ಭಾರ ಹೊರತಾನ. ಬೆಡ್‌ಫರ್ಡ್ ಅಂದ್ರ ಅಳಿಯ. ಮಾರಿ ಚೊಲೋ ಐತಿ. ಘಟ್ಟ ಬಂತಂದ್ರ ಕುಂತು ನೀರು ಕೇಳತಾನ.” ಹಾಗಿದ್ದೂ ಅವರಿಗೆ ಪ್ರೀತಿ ಆ ಅಳಿಯನ ಮೇಲೆಯೇ. ಬೆಡ್‌ಫರ್ಡಿನ ಎಲ್ಲ ಮಾದರಿಗಳಿಗೂ ಹೀಗೆ ಎರಡೆರಡು ಸಲ ಕ್ಲಚ್ ತುಳಿಯುವ ಅಗತ್ಯವಿರಲಿಲ್ಲವೆಂದು ಗ್ರಂಥಾಲಯದಲ್ಲಿ ಓದಿಕೊಂಡು ಬಂದು ಹೇಳಿದೆ. ಅವರು ಅಲುಗಲಿಲ್ಲ. “ಬರೆದಾಂವ ಹೊಸಾದು ಓಡಿಸಿರಬೇಕು. ನನ್ನದು ಮೂರು ಮಾಲಕರ ಕೈಯಾಗ ಸವೆದು ಬಂದದ್ದು.”

೨೦೦೮ರ ಹಿಂಜರಿತ ನಮ್ಮ ಬಡಾವಣೆಯ ಅಂಗಳಗಳಲ್ಲಿ ‘ಮಾರಾಟಕ್ಕಿದೆ’ ಫಲಕಗಳಾಗಿ ಕಾಣಿಸಿಕೊಂಡಿತು. ನಂದಿನಿಯ ಗಂಡನ ಕೆಲಸ ಮೊದಲು ಹೋಯಿತು. ಮರುವರ್ಷ, ಹಾಫ್‌ಮನ್ ಎಸ್ಟೇಟ್ಸ್‌ನ ಕಚೇರಿಯೊಂದರಲ್ಲಿ ಸರಕು ಸಾಗಣೆಯ ಯೋಜನೆ ರೂಪಿಸುತ್ತಿದ್ದ ನಂದಿನಿಯದೂ ಹೋಯಿತು. ಉಳಿದದ್ದು ಈ ಮನೆಯೊಂದು. ಅದೂ ಇಬ್ಬರಲ್ಲೊಬ್ಬರಿಗೆ ಬೇಗ ಕೆಲಸ ಸಿಕ್ಕರೆ ಮಾತ್ರ. ಪರಿಚಯದ ಸಾರಿಗೆ ಸಂಸ್ಥೆಯೊಂದು ಅವಳಿಗೆ ಮಾತು ಕೊಟ್ಟಿತು: ದೊಡ್ಡ ಟ್ರಕ್ಕಿನ ಲೈಸೆನ್ಸ್ ಪಡೆದರೆ ಚಾಲಕಿಯ ಕೆಲಸ. “ಬೇರೆ ಕಡೆ ಎಲ್ಲಾ ಅಪ್ಲೈ ಮಾಡಿದೀನಮ್ಮ, ಒಬ್ಬರೂ ಕರೀತಿಲ್ಲ. ಇದನ್ನೇ ಕಲೀತೀನಿ” ಎಂದಳು. ಇಲ್ಲಿನ ಭಾರಿ ಟ್ರಕ್ಕುಗಳಲ್ಲಿ ಬಹುಪಾಲಿಗೆ ಆಗಲೂ ಹಲ್ಲು ಕಡಿಯುವ ಜಾತಿಯ ಗೇರುಪೆಟ್ಟಿಗೆಯೇ ಇತ್ತು. ಪರೀಕ್ಷೆಯಲ್ಲಿ ಕ್ಲಚ್ಚನ್ನು ಜೋಡಿಯಾಗಿಯೇ ತುಳಿಯಬೇಕೆಂದು ತರಬೇತಿ ಶಾಲೆಯವರು ಹೇಳಿದ್ದರು.

ಸುದ್ದಿ ಕೇಳಿದ ಗುರುಶಾಂತಪ್ಪನವರು ಮರುದಿನವೇ ನಮ್ಮ ಗ್ಯಾರೇಜಿಗೆ ಬಂದಿಳಿದರು. ಊಟದ ಕುರ್ಚಿ ಹಾಕಿಸಿದರು. ಮೂರು ಚಪ್ಪಲಿಗಳು ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಆದವು. ಅಕ್ಕಿ ತುಂಬಿದ ಬಕೆಟ್ಟಿನಲ್ಲಿ ನೆಟ್ಟ ನನ್ನ ಲಟ್ಟಣಿಗೆ ಗೇರಿನ ಕೋಲಾಯಿತು. ಇಂಜಿನ್ನಿನ ಶಬ್ದವನ್ನು ಬಾಯಲ್ಲೇ ಹೊರಡಿಸಿ ಪಾಠ ಆರಂಭಿಸಿದರು. “ತುಳಿ, ತೆಗಿ, ಬಿಡು. ಗುಟುಕು ಕೊಡು. ಮತ್ತ ತುಳಿ, ಹಾಕು! ಅವಸರ ಮಾಡಬ್ಯಾಡ ಯವ್ವಾ, ಗೇರಿಗೇನು ಬಸ್ ತಪ್ಪೂದಿಲ್ಲ.” ತರಬೇತಿ ಶಾಲೆ ಆರಂಭವಾಗುವ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡೂ ಅದನ್ನು ಮಾಡಬಲ್ಲವಳಾಗಿದ್ದಳು.

ಶಾಲೆಯ ಟ್ರಕ್ಕಿನಲ್ಲಿ ಮೊದಲ ದಿನ ಗೇರು ಇಳಿಸಬೇಕಾದಾಗ ಅವಳ ಎಡಗೈ ಬಾಗಿಲಿಗೆ ಹೋಗಿ ಕಿಟಕಿಯ ಗುಂಡಿಯನ್ನು ಒತ್ತಿತು. ಗಾಜು ಇಳಿದು ಶಿಕಾಗೋದ ಚಳಿಗಾಳಿ ಒಳನುಗ್ಗಿತು. ಶಿಕ್ಷಕ ಕೇಳಿದನಂತೆ: “ಹೊರಗಿರುವ ಯಾರಿಗಾದರೂ ವಿಳಾಸ ಕೇಳಬೇಕೇನು?”

ಬಕೆಟ್ಟು ಕುರ್ಚಿಯ ಎಡಕ್ಕಿತ್ತು! ಭಾರತದ ಲಾರಿಯಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ, ಗೇರು ಅವನ ಎಡಗೈಗೆ. ಅಮೆರಿಕದಲ್ಲಿ ಎಲ್ಲವೂ ತಿರುಗುಮುರುಗು. ಗುರುಶಾಂತಪ್ಪನವರ ಕೈಗೆ ಎಡವೇ ಸಹಜವಾಗಿತ್ತು. ಮೈಸೂರಿನಲ್ಲಿ ಕಾರು ಕಲಿತು, ಇಲ್ಲಿ ಗೇರಿಲ್ಲದ ಕಾರನ್ನಷ್ಟೇ ಬಲ್ಲ ನಂದಿನಿಗೂ ಅದು ವಿಚಿತ್ರವೆನಿಸಲಿಲ್ಲ. ದಿನವೂ ಚಹಾ ಒಯ್ದುಕೊಟ್ಟ ನನಗೂ ಕಾಣಲಿಲ್ಲ. ಕೂಡಿದ ಅಭ್ಯಾಸ ಸುಲಭವಾಗಿ ಕಳಚಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅವಳ ಎಡಗೈ ಮಿಡುಕಿ, ಬಲಗೈ ತಡವರಿಸಿ, ಗೇರು ಹಲ್ಲು ಕಡಿಯಿತು, ಅವಳು ಅನುತ್ತೀರ್ಣಳಾದಳು. ಎರಡನೆಯ ಪರೀಕ್ಷೆಯವರೆಗೆ ಮಾತ್ರ ಕಾಯುವುದಾಗಿ ಸಂಸ್ಥೆಯವರು ತಿಳಿಸಿದರು.

“ನೀವು ಹೇಳಿಕೊಟ್ಟದ್ದೇ ನನ್ನ ಮುಳುಗಿಸ್ತು, ಅಂಕಲ್” ಎಂದಳು ನಂದಿನಿ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅವರು ಎದ್ದು ಹೊರಟುಹೋದರು. ಮರಳಿ ಬರಲಾರರೆಂದು ನಾನು ಭಾವಿಸಿದೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ಶಬ್ದ ಕೇಳಿ ಇಣುಕಿದರೆ, ಬಕೆಟ್ಟನ್ನು ಬಲಕ್ಕೆ ಸರಿಸಿಕೊಂಡು ಅವರೇ ಕುರ್ಚಿಯಲ್ಲಿ ಕುಳಿತಿದ್ದರು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. ಬಲಗೈ ಲಟ್ಟಣಿಗೆಯನ್ನು ಹಿಡಿಯುವಷ್ಟರಲ್ಲಿ ಕಾಲು ಮುಂದೆ ಓಡಿಬಿಡುತ್ತಿತ್ತು. ಅಕ್ಕಿ ನೆಲಕ್ಕೆ ಚೆಲ್ಲುತ್ತಿತ್ತು.

“ಕಾಲು ಅಮೆರಿಕಾಕ್ಕ ಬಂದೈತಿ ಅಕ್ಕಾರ, ಕೈ ಇನ್ನೂ ಹುಬ್ಬಳ್ಳಿ ಬಿಟ್ಟಿಲ್ಲ” ಎಂದರು. ಆಮೇಲೆ ನನ್ನ ಹಿಂದೆ ಬಂದು ನಿಂತ ನಂದಿನಿಯತ್ತ ನೋಡಿ, “ಬಾರವ್ವಾ, ಇನ್ನೊಂದು ಕುರ್ಚಿ ತಗೊಂಡು ಬಾ. ಈ ಸಲ ಇಬ್ಬರೂ ಕೂಡೇ ಕಲಿಯೂಣು” ಎಂದರು.

ಅವಳು ತಂದಳು. ಎರಡು ಕುರ್ಚಿ, ಎರಡು ಬಕೆಟ್ಟು; ಎರಡನೆಯದಕ್ಕೆ ಮಜ್ಜಿಗೆ ಕಡೆಯುವ ಕಡೆಗೋಲು. ಅವರು ತಪ್ಪಿದಾಗ ಅವಳು ನಕ್ಕಳು. “ಅಂಕಲ್, ನಿಮ್ಮ ಲಾರಿ ಹಳ್ಳಕ್ಕೆ ಬಿತ್ತು!” ಅವಳು ತಪ್ಪಿದಾಗ ಅವರು, “ನಿನ್ನದು ಮೊದಲ ಬಿದ್ದೈತಿ, ಅದರ ಮ್ಯಾಲೆ ನಂದು” ಎಂದರು. ತನಗಿಂತ ನಿಧಾನವಾಗಿ ಕಲಿಯುವವರೊಬ್ಬರು ಪಕ್ಕದಲ್ಲಿದ್ದುದೇ ಅವಳಿಗೆ ಧೈರ್ಯ ಕೊಟ್ಟಿತೆಂದು ನನ್ನ ಊಹೆ. ಇದಕ್ಕೆ ಎರಡನೆಯ ಆಧಾರವಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಅವಳು ಉತ್ತೀರ್ಣಳಾದದ್ದಕ್ಕೆ ಮಾತ್ರ ಇದೆ: ಅವಳ ಲೈಸೆನ್ಸ್, ಮತ್ತು ನಾವು ಇಂದಿಗೂ ವಾಸವಾಗಿರುವ ಈ ಮನೆ.

ಮುಂದೆ ಗುರುಶಾಂತಪ್ಪನವರ ಮಗಳಿಗೆ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ ಕೆಲಸವಾಗಿ ಅವರೂ ಅಲ್ಲಿಗೆ ಹೋದರು. ಮಾರನೆಯ ಶರತ್ಕಾಲದಲ್ಲಿ ನಾನು ಎರಡು ದಿನ ಅವರ ಅತಿಥಿಯಾಗಿದ್ದೆ. ಅದೇ ನಮ್ಮ ಕೊನೆಯ ಭೇಟಿ. ಆ ಚಳಿಗಾಲವನ್ನು ಅವರು ದಾಟಲಿಲ್ಲ. ನಾನು ಹೋದ ವೇಳೆಗೆ ಅವರ ಕಿವಿ ಮಂದವಾಗಿತ್ತು. ಮಗಳು ಕೊಡಿಸಿದ ಶ್ರವಣಯಂತ್ರ ಹೆಚ್ಚಾಗಿ ಜೇಬಿನಲ್ಲೇ ಇರುತ್ತಿತ್ತು. ನಂದಿನಿ ಹತ್ತಿರದ ಗೋದಾಮಿಗೆ ಸರಕು ತರುವಳೆಂದು ತಿಳಿದು, ಮಂಕಿಟೋಪಿ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ಹೋಗಿ ಅಲ್ಲಿನ ಬೇಲಿಯ ಪಕ್ಕ ನಿಂತರು.

ಟ್ರಕ್ಕು ಹೆದ್ದಾರಿಯಿಂದ ತಿರುಗಿತು. ಗೇಟಿನ ಮುಂದೆ ವೇಗ ಇಳಿಯಬೇಕು. ಒಂದೊಂದಾಗಿ ಗೇರು ಇಳಿಯಬೇಕು. ಅವರು ಕಣ್ಣು ಮುಚ್ಚಿದರು. ಟ್ರಕ್ಕು ನಮ್ಮೆದುರು ಹಾದು ಒಳಗೆ ಹೋಯಿತು. ಅವರು ಕಣ್ಣು ತೆರೆಯಲು ಇನ್ನಷ್ಟು ಹೊತ್ತು ಹಿಡಿಯಿತು.

“ಹೇಗಿತ್ತು?” ಎಂದೆ.

“ಹಲ್ಲು ಕಡಿದಿದ್ದು ಒಂದೂ ಕೇಳಲಿಲ್ಲ ಅಕ್ಕಾರ.”

ನನ್ನ ಚಾಳಿ ನನ್ನನ್ನು ಬಿಡಲಿಲ್ಲ. “ಕಿವಿಗೆ ಯಂತ್ರ ಹಾಕಿಕೊಂಡಿದ್ದೀರಾ?” ಎಂದು ಕೇಳಿಯೇಬಿಟ್ಟೆ.

ಅವರು ಮಂಕಿಟೋಪಿಯನ್ನು ಮೇಲೆತ್ತಿ, ತಲೆಯನ್ನು ನನ್ನ ಕಡೆಗೆ ವಾಲಿಸಿದರು. “ನೀವು ಕೇಳೇ ಕೇಳತೀರಂತ ಗೊತ್ತಿತ್ತು. ತಾಳೆ ನೋಡ್ರಿ. ಸೌಂಡು ಪೂರಾ ಏರಿಸೀನಿ.”

ನಾನು ಬಗ್ಗಿ ಯಂತ್ರದ ಪುಟ್ಟ ತಿರುಪನ್ನು ನೋಡಿದೆ. ಪೂರಾ ಏರಿಸಿದ್ದರು.